ರಿವರ್ಸ್ ವಿಡಿಯೊ ಮತ್ತು ಹೋಮಿ ಭಾಭಾ

ಅಮೃತಹಳ್ಳಿಯ ನಮ್ಮ ಪಿಜಿಯಲ್ಲಿ ಹೋದ ತಿಂಗಳು ಒಂದು ಹುಚ್ಚು ಶುರುವಾಗಿತ್ತು. ಮೊಬೈಲಿನಲ್ಲಿ ವಿಡಿಯೊ ಮಾಡುವುದು, ಅದನ್ನು ಉಲ್ಟಾ ಓಡಿಸಿ ನೋಡುವುದು. ಚೆಲ್ಲಿದ ಚಹಾ ನೆಲದಿಂದೆದ್ದು ಲೋಟದೊಳಗೆ ಹೋಗಿ ಕೂರುತ್ತಿತ್ತು. ಒಡೆದ ತೆಂಗಿನಕಾಯಿ ಮತ್ತೆ ಇಡಿಯಾಗುತ್ತಿತ್ತು. ರೂಮ್‌ಮೇಟ್ ಒಂದು ಸಂಜೆ ಕೆರೆಯ ಕಡೆ ಹೋಗಿ, ನೀರಿಗೆ ಕಲ್ಲೆಸೆದು ವಿಡಿಯೊ ಮಾಡಿಕೊಂಡು ಬಂದ. ಉಲ್ಟಾ ಓಡಿಸಿದರೆ ಸುತ್ತಲಿನ ಅಲೆಗಳೆಲ್ಲ ಒಳಮುಖವಾಗಿ ಓಡಿ ಬಂದು, ನಡುವೆ ಒಂದಾಗಿ, ಕಲ್ಲನ್ನು ಮೇಲಕ್ಕೆ ಉಗುಳುತ್ತಿದ್ದವು. ಬಿದ್ದು ಬಿದ್ದು ನಕ್ಕೆವು.

ಒಂದು ವಿಡಿಯೊ ಮಾತ್ರ ಯಾರನ್ನೂ ನಗಿಸಲಿಲ್ಲ. ಕೇರಂ ಬೋರ್ಡಿನ ಮೇಲೆ ಎರಡು ಕಾಯಿಗಳು ಡಿಕ್ಕಿ ಹೊಡೆದು ಚದುರುವ ಅರ್ಧ ಸೆಕೆಂಡಿನ ತುಣುಕು. ಅದರಲ್ಲಿ ಸರಿಯಾದದ್ದು ಯಾವುದು, ಉಲ್ಟಾ ಯಾವುದು ಎಂದು ರೂಮಿನಲ್ಲಿದ್ದ ನಾಲ್ವರಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಎರಡೂ ನಿಜವಿದ್ದಂತೆಯೇ ಕಾಣುತ್ತಿದ್ದವು.

ಕಣಭೌತಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ: ಟೈಮ್ ರಿವರ್ಸಲ್ ಸಿಮ್ಮೆಟ್ರಿ, ಅಂದರೆ ಕಾಲವನ್ನು ತಿರುಗಿಸಿದರೂ ಕೆಡದ ಸಮ್ಮಿತಿ. ಒಂದು ಘಟನೆಯನ್ನು ನಿಸರ್ಗದ ನಿಯಮ ಒಪ್ಪುತ್ತದೆ ಎಂದಾದರೆ, ಅದರ ಉಲ್ಟಾ ವಿಡಿಯೊದಲ್ಲಿ ಕಾಣುವ ಘಟನೆಯನ್ನೂ ಅದು ಒಪ್ಪಬೇಕು. ಕ್ವಾಂಟಂ ಲೋಕಕ್ಕೆ ಇದನ್ನು ಗಣಿತದಲ್ಲಿ ಹೊಂದಿಸಿ ಕೊಟ್ಟವರು ಯೂಜೀನ್ ವಿಗ್ನರ್, 1932ರಲ್ಲಿ. ಚಹಾದ ವಿಡಿಯೊ ನಗು ತರಿಸಿ ಕೇರಂ ವಿಡಿಯೊ ತರಿಸದಿರಲು ಕಾರಣವೇನು ಎಂದು ಹುಡುಕುತ್ತಾ ಹೋದ ನನಗೆ ಎದುರಾದದ್ದು ನಾವೆಲ್ಲ ಅಣುಶಕ್ತಿಯ ಹೆಸರಿನಲ್ಲಿ ಮಾತ್ರ ಬಲ್ಲ ಒಬ್ಬರು. ಕೆಪಿಎಸ್‌ಸಿ ಪ್ರಶ್ನೆಪತ್ರಿಕೆಗಾಗಿ ನಾವು ಬಾಯಿಪಾಠ ಮಾಡುವ ಹೆಸರು, ಹೋಮಿ ಭಾಭಾ. ಅವರ ನಿಜವಾದ ಕಸುಬು ಇದೇ ಆಗಿತ್ತು. ಆ ಕಸುಬಿನ ಕೊನೆಯ ಒಳ್ಳೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಹೆಬ್ಬಾಳದಿಂದ ಬಸ್ಸಿನಲ್ಲಿ ಹೋಗಿ ಇಳಿಯಬಹುದಾದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯಲ್ಲಿ. ಆದರೆ ಆ ಪಾರ್ಸಿ ಮನೆತನಕ್ಕೆ ಮೈಸೂರು ಸೀಮೆಯ ನೀರು ಹೊಸದಲ್ಲ. ಅವರ ಅಜ್ಜ ಹಾರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಇಂಗ್ಲೆಂಡಿನಲ್ಲಿ ಓದಿ ವಕೀಲರಾದವರು. ಸೋದರತ್ತೆ ಮೆಹರ್‌ಬಾಯಿ ನಮ್ಮ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಜಮ್‌ಷೆಡ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್ಜಿಯನ್ನು ಮದುವೆಯಾದವರು. ಮೈಸೂರು ಸಂಸ್ಥಾನ ಕೊಟ್ಟ ಜಮೀನಿನಲ್ಲಿ, ಟಾಟಾ ಕೊಟ್ಟ ಹಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದೂ 1909ರಲ್ಲೇ. ಹುಡುಗನಿಗೂ ಸಂಸ್ಥೆಗೂ ಒಂದೇ ವಯಸ್ಸು.

ಇಂಥ ಮನೆಯ ಹುಡುಗನ ಮುಂದಿನ ದಾರಿ ಹುಟ್ಟುವ ಮೊದಲೇ ಟಾರು ಹಾಕಿಸಿಕೊಂಡಿರುತ್ತದೆ. 1927ರಲ್ಲಿ ಕೇಂಬ್ರಿಜ್‌ಗೆ ಕಳಿಸಿದಾಗ ತಂದೆ ಮತ್ತು ಮಾವ ದೊರಾಬ್ಜಿಯ ಲೆಕ್ಕ ಸ್ಪಷ್ಟವಾಗಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕು, ಬಂದು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಬೇಕು. ಕಾಲೇಜು ಕೂಡ ಮಾವ ಓದಿದ್ದೇ, ಗಾನ್‌ವಿಲ್ ಅಂಡ್ ಕೀಸ್. ಓದುವ ಮೊದಲೇ ಪ್ಲೇಸ್‌ಮೆಂಟ್! ಹುಡುಗ ಒಂದು ವರ್ಷ ಓದಿದ. ಆಮೇಲೆ ತಂದೆಗೆ ಪತ್ರ ಬರೆದು, ಎಂಜಿನಿಯರಿಂಗ್ ತನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ, ಭೌತಶಾಸ್ತ್ರವೇ ತನ್ನ ದಾರಿ ಎಂದು ತಿಳಿಸಿದ.

ಮೆಕ್ಯಾನಿಕಲ್ ಮುಗಿಸಿ, ಸಿಕ್ಕ ಒಂದು ಕೆಲಸ ಬಿಟ್ಟು, ಫಿಸಿಕ್ಸ್ ಎಂಎಸ್ಸಿಯ ಪ್ರವೇಶ ಪರೀಕ್ಷೆಗೆ ಕೂತಿರುವವನು ನಾನು. ಊರಿನಿಂದ ಅಪ್ಪ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಊಟ ಆಯಿತಾ ಎಂದು ಕೇಳುತ್ತಾರೆ, ಮಿಕ್ಕದ್ದನ್ನು ಕೇಳುವುದಿಲ್ಲ. ಹಾಗಾಗಿ ಆ ಪತ್ರಕ್ಕೆ ಭಾಭಾ ಅವರ ತಂದೆ ಏನು ಮಾಡಿದರು ಎಂಬುದನ್ನು ಸ್ವಲ್ಪ ಹೆಚ್ಚೇ ಕುತೂಹಲದಿಂದ ಓದಿದೆ. ಅವರು ಬೈಯಲಿಲ್ಲ, ಒಪ್ಪಲೂ ಇಲ್ಲ. ಒಂದು ಕರಾರು ಹಾಕಿದರು. ಮೊದಲು ಮೆಕ್ಯಾನಿಕಲ್‌ನಲ್ಲಿ ಫಸ್ಟ್ ಕ್ಲಾಸ್ ತರಬೇಕು, ತಂದರೆ ಮುಂದೆ ಗಣಿತ ಓದಲು ಅಲ್ಲೇ ಉಳಿಯಬಹುದು, ಖರ್ಚು ತಮ್ಮದು. ಭಾಭಾ 1930ರಲ್ಲಿ ಮೆಕ್ಯಾನಿಕಲ್‌ನಲ್ಲೂ 1932ರಲ್ಲಿ ಗಣಿತದಲ್ಲೂ ಫಸ್ಟ್ ಕ್ಲಾಸ್ ತಂದರು. ದುಡ್ಡಿದ್ದವರ ಮನೆಯ ಕರಾರು ಅದು, ನಮ್ಮ ನಿಮ್ಮ ಮನೆಗಳಲ್ಲಿ ಅಷ್ಟು ಸಲೀಸಲ್ಲ ಎಂಬುದು ನನಗೂ ಗೊತ್ತು.

1932 ಎಂಥ ವರ್ಷವೆಂದರೆ, ಕೇಂಬ್ರಿಜ್‌ನಲ್ಲಿ ಪಾಠ ಹೇಳುತ್ತಿದ್ದ ಡಿರಾಕ್ ತಮ್ಮ ಸಮೀಕರಣದಿಂದ ಮೊದಲೇ ಊಹಿಸಿದ್ದ ಕಣವೊಂದು ಅಮೆರಿಕದಲ್ಲಿ ಕಾರ್ಲ್ ಆ್ಯಂಡರ್ಸನ್ ಅವರಿಗೆ ಸಿಕ್ಕಿತ್ತು. ಎಲೆಕ್ಟ್ರಾನಿನಷ್ಟೇ ತೂಕ, ಅಷ್ಟೇ ವಿದ್ಯುದಂಶ, ಆದರೆ ಧನ. ಅದೇ ಪಾಸಿಟ್ರಾನ್. ಈ ಪಾಸಿಟ್ರಾನ್ ಸ್ವತಂತ್ರವಾದ ಬೇರೆ ಕಣವೇ, ಅಥವಾ ಎಲೆಕ್ಟ್ರಾನಿನದೇ ಇನ್ನೊಂದು ಮುಖವೇ? ಇಪ್ಪತ್ತಾರರ ಆಸುಪಾಸಿನಲ್ಲಿದ್ದ ಭಾಭಾ ಇದನ್ನು ಪರೀಕ್ಷೆಗೆ ಒಡ್ಡಬಹುದಾದ ಲೆಕ್ಕವನ್ನಾಗಿ ಮಾಡಿದರು. ಎಲೆಕ್ಟ್ರಾನಿಗೆ ಪಾಸಿಟ್ರಾನ್ ಡಿಕ್ಕಿ ಹೊಡೆದರೆ ಎರಡೂ ಯಾವ ದಿಕ್ಕಿಗೆ ಎಷ್ಟರಮಟ್ಟಿಗೆ ಚದುರುತ್ತವೆ? ನಮ್ಮ ಕೇರಂ ಕಾಯಿಗಳದೇ ಪ್ರಶ್ನೆ. ಭಾಭಾ ತೋರಿಸಿದ್ದು ಏನೆಂದರೆ, ಅವು ಒಂದನ್ನೊಂದು ಸೆಳೆದು ಬಾಗಿ ಹೋಗುವುದು ಒಂದು ಬಗೆ. ಎರಡೂ ಕೂಡಿ ಇಲ್ಲವಾಗಿ, ಆ ಶಕ್ತಿಯಿಂದ ಹೊಸದೊಂದು ಜೋಡಿ ಹುಟ್ಟುವುದು ಇನ್ನೊಂದು ಬಗೆ. ಲೆಕ್ಕದಲ್ಲಿ ಎರಡನ್ನೂ ಸೇರಿಸಲೇಬೇಕು. 1936ರಲ್ಲಿ ಪ್ರಕಟವಾದ ಈ ಪ್ರಬಂಧದಿಂದಾಗಿ ಆ ಡಿಕ್ಕಿಗೆ ಇಂದಿಗೂ ಜಗತ್ತಿನೆಲ್ಲೆಡೆ ಭಾಭಾ ಚದುರಿಕೆ ಎಂದೇ ಹೆಸರು.

ಪಾಸಿಟ್ರಾನ್ ಎಂದರೆ ಕಾಲದಲ್ಲಿ ಹಿಂದಕ್ಕೆ ಚಲಿಸುವ ಎಲೆಕ್ಟ್ರಾನ್ ಎಂದು ಓದಬಹುದು ಎಂಬ ಮಾತು ಬಂದದ್ದು ಆಮೇಲೆ, ಸ್ಟೂಕೆಲ್‌ಬರ್ಗ್ ಮತ್ತು ಫೈನ್‌ಮನ್ ಅವರಿಂದ, 1940ರ ದಶಕದಲ್ಲಿ. ಹಾಗೆ ಓದಿದರೆ ಭಾಭಾ ಲೆಕ್ಕದ ಎರಡೂ ಬಗೆಗಳು ಒಂದೇ ಚಿತ್ರವನ್ನು ತಿರುಗಿಸಿ ನೋಡಿದಂತೆ ಕಾಣುತ್ತವೆ. (ಇಲ್ಲೊಂದು ಎಚ್ಚರಿಕೆ. ಇದನ್ನೂ ಟೈಮ್ ರಿವರ್ಸಲನ್ನೂ ಯೂಟ್ಯೂಬಿನ ಎಷ್ಟೋ ವಿಡಿಯೊಗಳು ಕಲಸಿ ಕೊಡುತ್ತವೆ. ಬರೀ ಕಾಲವನ್ನು ತಿರುಗಿಸಿದರೆ ಎಲೆಕ್ಟ್ರಾನ್ ಎಲೆಕ್ಟ್ರಾನಾಗಿಯೇ ಉಳಿದು, ಬಂದ ದಾರಿಯಲ್ಲಿ ಹಿಂತಿರುಗುತ್ತದೆ. ಅದು ಪಾಸಿಟ್ರಾನ್ ಆಗಬೇಕಾದರೆ ವಿದ್ಯುದಂಶವನ್ನೂ ಎಡಬಲವನ್ನೂ ಜೊತೆಗೆ ತಿರುಗಿಸಬೇಕು. ಪರೀಕ್ಷೆಯಲ್ಲಿ ಇದೇ ಎರಡು ಅಂಕ ಕಳೆಯುತ್ತದೆ.)

ಮರುವರ್ಷ, 1937ರಲ್ಲಿ, ವಾಲ್ಟರ್ ಹೈಟ್ಲರ್ ಜೊತೆ ಸೇರಿ ಭಾಭಾ ಬರೆದ ಪ್ರಬಂಧವೇ ನನ್ನ ಪಿಜಿ ಪ್ರಶ್ನೆಗೆ ಉತ್ತರ ಕೊಟ್ಟಿದ್ದು. ಆಗ ವಿಶ್ವಕಿರಣಗಳಲ್ಲಿ ಒಂದು ವಿಚಿತ್ರ ಕಂಡಿತ್ತು. ಸೀಸದ ತಗಡಿನ ಮೇಲೆ ಒಂದು ಕಣ ಬಿದ್ದರೆ ಕೆಳಗಿನಿಂದ ಹತ್ತಾರು ಕಣಗಳು ಮಳೆಯಂತೆ ಹೊರಬೀಳುತ್ತಿದ್ದವು. ಎಲ್ಲಿಂದ ಬಂದವು? ಇಬ್ಬರೂ ಹೇಳಿದ್ದು ಸರಳ. ವೇಗದ ಎಲೆಕ್ಟ್ರಾನ್ ಪರಮಾಣು ಬೀಜದ ಬಳಿ ಹಾದಾಗ ಒಂದು ಫೋಟಾನನ್ನು ಬಿಡುತ್ತದೆ. ಆ ಫೋಟಾನ್ ಇನ್ನೊಂದು ಬೀಜದ ಬಳಿ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗುತ್ತದೆ. ಅವು ಮತ್ತೆ ಫೋಟಾನ್ ಬಿಡುತ್ತವೆ, ಅವು ಮತ್ತೆ ಜೋಡಿಯಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ತಲಾ ಶಕ್ತಿ ತೀರಾ ಕಡಿಮೆಯಾಗುವ ತನಕ ಹೆಚ್ಚುತ್ತಲೇ ಹೋಗುತ್ತದೆ.

ಈಗ ಇದರ ಉಲ್ಟಾ ವಿಡಿಯೊ ಯೋಚಿಸಿ. ಸರಣಿಯ ಒಂದೊಂದು ಹೆಜ್ಜೆಯನ್ನೂ ತಿರುಗಿಸಬಹುದು. ಫೋಟಾನ್ ಜೋಡಿಯಾಗಬಹುದಾದರೆ, ಜೋಡಿ ಸೇರಿ ಫೋಟಾನೂ ಆಗಬಹುದು. ನಿಯಮ ಎಲ್ಲಿಯೂ ಅಡ್ಡ ಬರುವುದಿಲ್ಲ. ಆದರೂ ನೂರಾರು ಕಣಗಳು ನೆಲದಿಂದ ಮೇಲೆದ್ದು, ಜೋಡಿ ಜೋಡಿಯಾಗಿ ಕೂಡುತ್ತಾ, ಕೊನೆಗೆ ಒಂದೇ ಎಲೆಕ್ಟ್ರಾನಾಗಿ ಆಕಾಶಕ್ಕೆ ಹಾರಿಹೋದದ್ದನ್ನು ಯಾರೂ ಕಂಡಿಲ್ಲ. ಹಾಗಾಗಬೇಕಾದರೆ ಅಷ್ಟೂ ಕಣಗಳು ಕೂದಲೆಳೆಯೂ ತಪ್ಪದಂಥ ದಿಕ್ಕು, ವೇಗ, ಗಳಿಗೆಗಳಲ್ಲಿ ಹೊರಡಬೇಕು. ಅಂಥ ಆರಂಭವನ್ನು ಯಾರು ಜೋಡಿಸಿಡುತ್ತಾರೆ? ಚಹಾ ಲೋಟಕ್ಕೆ ಮರಳದಿರುವುದಕ್ಕೂ ಇದೇ ಕಾರಣ. ನಿಯಮ ಬೇಡ ಎಂದಿಲ್ಲ, ಆರಂಭ ಸಿಗುವುದಿಲ್ಲ ಅಷ್ಟೆ. ಕೇರಂನಲ್ಲಿ ಇದ್ದದ್ದು ಎರಡೇ ಕಾಯಿ. ಅಷ್ಟನ್ನು ಜೋಡಿಸುವುದು ಕಷ್ಟವಲ್ಲ, ಹಾಗಾಗಿ ಎರಡು ವಿಡಿಯೊವೂ ಸಹಜವಾಗಿ ಕಂಡವು.

1939ರ ಬೇಸಿಗೆ ರಜೆಗೆ ಭಾಭಾ ಭಾರತಕ್ಕೆ ಬಂದರು. ಕೇಂಬ್ರಿಜ್‌ನಲ್ಲಿ ಅವರ ಪುಸ್ತಕ, ಬಟ್ಟೆ, ಅರ್ಧ ಮುಗಿದ ಕೆಲಸ ಎಲ್ಲ ಇದ್ದವು, ಇಲ್ಲಿಗೆ ಬಂದದ್ದು ಬರೀ ರಜೆಗೆ. ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮರಳುವ ದಾರಿ ಮುಚ್ಚಿತು. ಪಾಲಿ, ಫರ್ಮಿ, ಬೋರ್‌ರಂಥವರ ನಡುವೆ ಓಡಾಡಿದ್ದ ಮೂವತ್ತರ ಯುವಕನಿಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ ರೀಡರ್ ಹುದ್ದೆ, 1940ರಲ್ಲಿ. ಅಜ್ಜನ ಸೀಮೆಗೆ ಮೊಮ್ಮಗ ಹಿಂತಿರುಗಿದ್ದು ಹೀಗೆ, ತಾನು ಆರಿಸಿಕೊಂಡಲ್ಲ.

ಯುದ್ಧದ ಬೆಂಗಳೂರಿನಲ್ಲಿ ಹೊರಗಿನ ಪತ್ರಿಕೆಗಳು ತಿಂಗಳುಗಟ್ಟಲೆ ತಡವಾಗಿ ಬರುವ ಕಾಲ. ಆದರೂ 1941ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಮರುವರ್ಷ ಕೇಂಬ್ರಿಜ್‌ನ ಆ್ಯಡಮ್ಸ್ ಬಹುಮಾನ ಬಂತು, ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆಗೆ ಪ್ರತ್ಯೇಕ ಘಟಕವಾಗಿ ಅವರು ಪ್ರಾಧ್ಯಾಪಕರಾದರು. ವಿಕ್ರಮ್ ಸಾರಾಭಾಯ್ ಆಗ ಅಲ್ಲೇ ಇದ್ದರು. ಲೆಕ್ಕ ಮಾಡುವುದರಲ್ಲಿ ಭಾಭಾಗಿಂತ ಚುರುಕಾದ ಒಬ್ಬ ಹುಡುಗನೂ ಬಂದ, ಹೆಸರು ಹರೀಶ್‌ಚಂದ್ರ. ಮುಂದೆ ಅವನು ಗಣಿತದಲ್ಲಿ ಜಗತ್ಪ್ರಸಿದ್ಧನಾದ, ಅದು ಬೇರೆಯೇ ಕತೆ.

ಗುರುಶಿಷ್ಯರಿಬ್ಬರೂ ಕೂತು ಮಾಡಿದ ಕೆಲಸವನ್ನು ವಿವರಿಸಲು ನನ್ನ ರೂಮ್‌ಮೇಟ್‌ನ ಕೆರೆಯ ವಿಡಿಯೊಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಎಲೆಕ್ಟ್ರಾನನ್ನು ಅಲುಗಿಸಿದರೆ ಅಲೆ ಹೊರಡುತ್ತದೆ, ಕಲ್ಲು ಬಿದ್ದ ಕೆರೆಯಂತೆ. ಆದರೆ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಿದಾಗ ಎರಡು ಉತ್ತರ ಬರುತ್ತವೆ. ಒಂದರಲ್ಲಿ ಅಲೆ ಕಣದಿಂದ ಹೊರಕ್ಕೆ ಹೋಗುತ್ತದೆ. ಇನ್ನೊಂದರಲ್ಲಿ ದೂರದಿಂದ ಒಳಕ್ಕೆ ಬಂದು ಕಣವನ್ನು ಸೇರುತ್ತದೆ. ಎರಡನೆಯದನ್ನು ಎಲ್ಲರೂ ಕಸದ ಬುಟ್ಟಿಗೆ ಹಾಕುತ್ತಿದ್ದರು. 1938ರಲ್ಲಿ ಡಿರಾಕ್ ಅದನ್ನು ಎತ್ತಿಕೊಂಡು, ಎರಡರ ವ್ಯತ್ಯಾಸದ ಅರ್ಧವನ್ನು ತೆಗೆದುಕೊಂಡರೆ ಕಣ ತಾನೇ ಬಿಟ್ಟ ಅಲೆಯಿಂದ ತಾನು ಪಡೆಯುವ ಹಿನ್ನೊದೆತ ಸರಿಯಾಗಿ ಸಿಗುತ್ತದೆ ಎಂದು ತೋರಿಸಿದ್ದರು. ಇದನ್ನು ಗಿರಕಿ ಹೊಡೆಯುವ ಕಣಗಳಿಗೂ ಮೆಸಾನ್ ಕ್ಷೇತ್ರಗಳಿಗೂ ಹಿಗ್ಗಿಸುವುದು ಭಾಭಾ ಅವರ ಬೆಂಗಳೂರಿನ ದಿನಗಳ ಮುಖ್ಯ ಕೆಲಸಗಳಲ್ಲೊಂದು. ದಾರಿಯಲ್ಲಿ ಒಂದು ಮುಳ್ಳೂ ಇತ್ತು. ಆ ಸಮೀಕರಣದ ಕೆಲವು ಉತ್ತರಗಳಲ್ಲಿ ಕಣ ಯಾರೂ ತಳ್ಳದೆಯೇ ತಾನಾಗಿ ವೇಗ ಹೆಚ್ಚಿಸಿಕೊಂಡು ಓಡಿಹೋಗುತ್ತದೆ. ಅವನ್ನು ತೆಗೆದುಹಾಕಿದರೆ ಉಳಿದವುಗಳಲ್ಲಿ ಬಲ ತಾಕುವುದಕ್ಕೆ ಒಂದು ಕ್ಷಣ ಮೊದಲೇ ಕಣ ಚಲಿಸಲು ಶುರುಮಾಡುತ್ತದೆ. ಯಾವ ಉತ್ತರವನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದರ ಬಗ್ಗೆಯೂ ಭಾಭಾ 1946ರಲ್ಲಿ ಪ್ರಬಂಧ ಬರೆದರು. ಇವತ್ತಿಗೂ ಅದು ಪೂರ್ತಿ ಸಮಾಧಾನವಾಗುವಂತೆ ಬಗೆಹರಿದ ಪ್ರಶ್ನೆಯಲ್ಲ.

ಬರೀ ಕಾಗದದ ಮೇಲಿನ ಲೆಕ್ಕವಷ್ಟೇ ಆಗಿರಲಿಲ್ಲ. ಯುದ್ಧಕ್ಕಾಗಿ ಬೆಂಗಳೂರಿಗೆ ಬಂದಿದ್ದ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಗೈಗರ್ ಕೌಂಟರುಗಳನ್ನು ಇಟ್ಟು, ಸುಮಾರು 30,000 ಅಡಿ ಎತ್ತರದ ತನಕ ಮೆಸಾನುಗಳನ್ನು ಎಣಿಸಿದರು. ಈ ಮೆಸಾನುಗಳ ವಿಷಯದಲ್ಲೂ ಕಾಲದ ತಂಟೆಯೇ. ಈಗ ಮ್ಯುವಾನ್ ಎನ್ನುವ ಆ ಕಣದ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ. ಅಷ್ಟರಲ್ಲಿ ಬೆಳಕೇ 660 ಮೀಟರ್ ಹೋಗಬಲ್ಲದು. ಹತ್ತಾರು ಕಿಲೋಮೀಟರ್ ಮೇಲೆ ಹುಟ್ಟಿದ್ದು ನೆಲ ಮುಟ್ಟುವುದು ಹೇಗೆ? ವೇಗದ ಕಣದ ಗಡಿಯಾರ ನಮಗೆ ನಿಧಾನವಾಗಿ ಕಾಣಬೇಕು, ಐನ್‌ಸ್ಟೈನ್ ಹೇಳಿದ್ದನ್ನು ಇಲ್ಲಿ ಒರೆಗೆ ಹಚ್ಚಬಹುದು ಎಂದು ಭಾಭಾ 1938ರಲ್ಲೇ ಸೂಚಿಸಿದ್ದರು. ಪ್ರಯೋಗಗಳು ಅದನ್ನು ನಿಜ ಮಾಡಿದವು.

ಯುದ್ಧ ಮುಗಿದ ಮೇಲೆ ಕೇಂಬ್ರಿಜ್ ಅಥವಾ ಪ್ರಿನ್ಸ್‌ಟನ್‌ನಂಥ ಕಡೆ ಹೋಗಿಬಿಡುವ ಯೋಚನೆ ಭಾಭಾ ಅವರಿಗಿತ್ತು. ದಾರಿ ಮುಚ್ಚಿದ್ದು ಕೆಲವು ವರ್ಷಗಳಿಗಷ್ಟೇ, ತೆರೆದ ಮೇಲೆ ಬಂದಂತೆಯೇ ಹಿಂತಿರುಗಬಹುದಿತ್ತು. 1944ರ ಮಾರ್ಚ್ 12ರಂದು ಅವರು ಬೆಂಗಳೂರಿನಿಂದ ಮಾವನ ಹೆಸರಿನ ದೊರಾಬ್ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು, ಮೂಲಭೂತ ಸಂಶೋಧನೆಗೆ ಒಂದು ಸಂಸ್ಥೆ ಕಟ್ಟಲು ನೆರವು ಕೇಳಿದರು. ಹೊರಗೆ ಹೋಗುವ ಯೋಚನೆ ಬಿಟ್ಟದ್ದನ್ನೂ ಅದರಲ್ಲೇ ತಿಳಿಸಿದ್ದರು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ನಾವು ಟಿಐಎಫ್‌ಆರ್ ಎನ್ನುವುದು, ಇದೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶುರುವಾಯಿತು. ಆ ವರ್ಷವೇ ಮುಂಬೈಗೆ ಹೋಯಿತು. ಹರೀಶ್‌ಚಂದ್ರ ಅದೇ ವರ್ಷ ಡಿರಾಕ್ ಬಳಿ ಓದಲು ಕೇಂಬ್ರಿಜ್‌ಗೆ ಹೊರಟ, ಗುರು ಹೋಗಬೇಕಿದ್ದ ಕಡೆಗೆ.

ಮುಂದಿನದು ನಾವೆಲ್ಲ ಬಾಯಿಪಾಠ ಮಾಡಿರುವ ಭಾಗ: ಅಣುಶಕ್ತಿ ಆಯೋಗ 1948, ಟ್ರಾಂಬೆ 1954, ಜಿನೀವಾ ಸಮ್ಮೇಳನದ ಅಧ್ಯಕ್ಷತೆ 1955, ಅಪ್ಸರಾ 1956. ಪುಸ್ತಕಗಳು ಈ ಪಟ್ಟಿಯನ್ನು ಏಣಿಯ ಮೆಟ್ಟಿಲುಗಳಂತೆ ಬರೆಯುತ್ತವೆ. ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟು ನೋಡಬೇಕು ಎಂದು ನನಗನ್ನಿಸುತ್ತದೆ. 1950ರ ದಶಕದ ಮಧ್ಯದ ಹೊತ್ತಿಗೆ ಅವರ ಸ್ವಂತ ಸಂಶೋಧನಾ ಪ್ರಬಂಧಗಳು ಬಹುತೇಕ ನಿಂತುಹೋದವು. ತಂದೆಗೆ ಪತ್ರ ಬರೆದು, ಕರಾರು ಗೆದ್ದು ಪಡೆದುಕೊಂಡಿದ್ದ ಭೌತಶಾಸ್ತ್ರವದು. ಅವರು ಕಟ್ಟಿದ ಸಂಸ್ಥೆಯಲ್ಲಿ ಬೇರೆಯವರು ಅದನ್ನು ಮಾಡಿದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು ಮ್ಯುವಾನುಗಳನ್ನು ಎಣಿಸತೊಡಗಿದ್ದು ಭಾಭಾ ಸೂಚನೆಯ ಮೇರೆಗೆ. ಅದೇ ಗಣಿಯಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು.

ಭಾಭಾ ಕಡತಗಳ ನಡುವೆ ಇದ್ದ ಆ ದಿನಗಳಲ್ಲಿ ಅವರ ಹಳೆಯ ಪ್ರಶ್ನೆ ಬೇರೆಡೆ ಬಿರುಕು ಬಿಟ್ಟಿತ್ತು. 1964ರಲ್ಲಿ ಅಮೆರಿಕದಲ್ಲಿ ಕ್ರೋನಿನ್, ಫಿಚ್ ಮತ್ತು ಸಂಗಡಿಗರು ದೀರ್ಘಾಯುವಾದ ತಟಸ್ಥ ಕೆ-ಮೆಸಾನುಗಳಲ್ಲಿ ಸಾವಿರಕ್ಕೆ ಸುಮಾರು ಎರಡು ಒಡೆಯಬಾರದ ರೀತಿಯಲ್ಲಿ ಒಡೆಯುವುದನ್ನು ಕಂಡರು. ಕಣಕ್ಕೆ ಬದಲು ಪ್ರತಿಕಣ, ಎಡಕ್ಕೆ ಬದಲು ಬಲ ಮಾಡಿದರೆ ನಿಯಮ ಬದಲಾಗುತ್ತದೆ ಎಂದು ಇದರರ್ಥ. ಆದರೆ ವಿದ್ಯುದಂಶ, ಎಡಬಲ, ಕಾಲ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಏನೂ ಬದಲಾಗಬಾರದು ಎಂದು ಲ್ಯೂಡರ್ಸ್, ಪಾಲಿ ಮುಂತಾದವರು ಆಗಲೇ ಸಾಧಿಸಿದ್ದರು. ಮೊದಲ ಎರಡರಲ್ಲಿ ಬಿದ್ದ ಕೊರತೆಯನ್ನು ಮೂರನೆಯದು ತುಂಬಲೇಬೇಕು. ಅಂದರೆ ಲೋಟ, ಚಹಾ, ಕಣಗಳ ಮಳೆಯ ಗೊಡವೆಯೇ ಇಲ್ಲದೆ, ಒಂದೇ ಒಂದು ಕಣದ ಮಟ್ಟದಲ್ಲೇ ನಿಸರ್ಗಕ್ಕೆ ಹಿಂದು ಯಾವುದು ಮುಂದು ಯಾವುದು ಎಂದು ತುಸು ಗೊತ್ತಿದೆ.

1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಇದ್ದ ಏರ್ ಇಂಡಿಯಾ ವಿಮಾನ, ಹೆಸರು ಕಾಂಚನಜುಂಗಾ, ಆಲ್ಪ್ಸ್‌ನ ಮೋಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. ಯಾರೂ ಉಳಿಯಲಿಲ್ಲ. ಅವರಿಗೆ ಐವತ್ತಾರು ವರ್ಷ, ಮದುವೆಯಾಗಿರಲಿಲ್ಲ. 2012ರ ಆಗಸ್ಟಿನಲ್ಲಿ ಅಲ್ಲಿನ ಹಿಮನದಿ ಕರಗಿ ಒಂದು ಚೀಲ ಹೊರಬಂತು. ಅದೇ ವಿಮಾನದಲ್ಲಿದ್ದ, ನಮ್ಮ ವಿದೇಶಾಂಗ ಸಚಿವಾಲಯದ ಅಂಚೆಚೀಲ.

ಅದೇ 2012ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬಾಬರ್ ಎಂಬ ಪ್ರಯೋಗದವರು ತಮ್ಮ ಫಲಿತಾಂಶ ಪ್ರಕಟಿಸಿದರು. ಬಿ-ಮೆಸಾನ್ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಪ್ರಮಾಣವನ್ನೂ, ಎರಡನೆಯದರಿಂದ ಮೊದಲನೆಯದಕ್ಕೆ ಮರಳುವ ಪ್ರಮಾಣವನ್ನೂ ಅವರು ನೇರವಾಗಿ ಹೋಲಿಸಿ ನೋಡಿದ್ದರು. ಎರಡೂ ಒಂದೇ ಆಗಿರಲಿಲ್ಲ. ಕೆ-ಮೆಸಾನುಗಳಲ್ಲಿ 1998ರಲ್ಲೇ ಇಂಥದ್ದು ವರದಿಯಾಗಿತ್ತು. ಕಾಲದ ಸಮ್ಮಿತಿ ಮುರಿಯುವುದು ಈ ಬಾರಿ ಸಂದೇಹಕ್ಕೆ ಎಡೆಯಿಲ್ಲದಂತೆ ಕಂಡಿತು. ಆ ಯಂತ್ರದಲ್ಲಿ ಡಿಕ್ಕಿ ಹೊಡೆಸುತ್ತಿದ್ದದ್ದು ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳನ್ನು. ಒಟ್ಟು ಎಷ್ಟು ಡಿಕ್ಕಿಯಾಯಿತು ಎಂಬ ಲೆಕ್ಕ ಸಿಗದೆ ಇಂಥ ಪ್ರಯೋಗದಲ್ಲಿ ಯಾವ ಪ್ರಮಾಣವನ್ನೂ ಹೇಳಲಾಗದು. ಹಾಗಾಗಿ ವರ್ಷಗಟ್ಟಲೆ, ಹಗಲೂ ರಾತ್ರಿ, ಚದುರಿ ಬಂದ ಎಲೆಕ್ಟ್ರಾನು–ಪಾಸಿಟ್ರಾನುಗಳನ್ನು ಅವರು ಎಣಿಸುತ್ತಾ ಹೋಗುತ್ತಿದ್ದರು. ಆ ಎಣಿಕೆಯನ್ನು ಅವರು ತಾಳೆ ನೋಡುತ್ತಿದ್ದದ್ದು ಕರಾರಿನ ಮೇಲೆ ಮೆಕ್ಯಾನಿಕಲ್ ಮುಗಿಸಿ ಬಂದ ಹುಡುಗ 1936ರಲ್ಲಿ ಪ್ರಕಟಿಸಿದ ಆ ಡಿಕ್ಕಿಯ ಲೆಕ್ಕದೊಂದಿಗೆ.